ಹೆಸರಿನ ಚೆಂಡು: ಒಬ್ಬರ ಹೆಸರು ಒಬ್ಬರು ಕಲಿಯುವ ಆಟ

 

ಶಾಲೆ ಶುರುವಾದ ಹೊಸದರಲ್ಲಿ ನಾವು ಪುಸ್ತಕದ ಹೆಸರು, ಪಾಠದ ಹೆಸರು, ಕವಿಗಳ ಹೆಸರು ಎಲ್ಲಾ ಬಾಯಿಪಾಠ ಮಾಡುತ್ತೇವೆ. ಆದರೆ ಬೆನ್ನ ಹಿಂದೆ ಕುಳಿತವರ ಹೆಸರು ಕೇಳಿದರೆ ತಲೆ ಕೆರೆದುಕೊಳ್ಳುತ್ತೇವೆ. "ಏ ಉದ್ದಕಿದ್ದವ್ನೇ", "ಏ ಆ ಊರಾಕಿ", "ಏ ಲಾಸ್ಟ್ ಬೆಂಚು" ಎಂದು ಕರೆದು ಕೆಲಸ ಮುಗಿಸುತ್ತೇವೆ. ಹೀಗೆ ಕರೆಯುವುದು ಬೇಡ, ಹೆಸರು ಹಿಡಿದೇ ಕರೆಯೋಣ ಎಂದು ನಮ್ಮ ತರಗತಿಯಲ್ಲಿ ಒಂದು ಆಟ ಆಡುತ್ತೇವೆ. ಅದನ್ನು ನಾನು ಮೂರು ಸಲ ಆಡಿಸಿದ್ದೇನೆ. ಆ ಆಟವನ್ನು ಹ್ಯಾಂಗ ಆಡಿಸಬೇಕು, ಯಾಕ ಹಾಗೆಯೇ ಆಡಿಸಬೇಕು ಎಂಬುದನ್ನು ಈ ಲೇಖನದಲ್ಲಿ ತಿಳಿಯೋಣ. ಉದಾಹರಣೆಗೆ ಕೊಟ್ಟ ಹೆಸರುಗಳು ನಮ್ಮ ಸೀಮೆಯಲ್ಲಿ ಎಲ್ಲರ ಮನೆಯಲ್ಲೂ ಇರುವಂಥವು. ಯಾರೂ ತಮ್ಮದೇ ಎಂದು ತಿಳಿಯಬಾರದು.

ಹೆಸರಿನ ಶಕ್ತಿ

ಜಾತ್ರೆಯಲ್ಲಿ ಎಷ್ಟು ಗದ್ದಲ ಇದ್ದರೂ ಯಾರೋ ದೂರದಿಂದ ನಮ್ಮ ಹೆಸರು ಕೂಗಿದರೆ ತಟ್ಟನೆ ತಿರುಗುತ್ತೇವೆ. ಇದನ್ನು 1959ರಲ್ಲಿ ನೆವಿಲ್ ಮೊರೇ ಎಂಬ ವಿಜ್ಞಾನಿ ಪರೀಕ್ಷೆ ಮಾಡಿ ನೋಡಿದರು. ಎರಡು ಕಿವಿಗೆ ಎರಡು ಬೇರೆ ಬೇರೆ ಮಾತು ಕೇಳಿಸಿ, ಒಂದು ಕಿವಿಯ ಮಾತಿಗೆ ಮಾತ್ರ ಗಮನ ಕೊಡಿ ಎಂದರು. ಇನ್ನೊಂದು ಕಿವಿಯ ಮಾತು ಬಹುತೇಕ ಯಾರಿಗೂ ನೆನಪಿರಲಿಲ್ಲ. ಆದರೆ ಅದರಲ್ಲಿ ತಮ್ಮ ಹೆಸರು ಬಂದಾಗ ಸುಮಾರು ಮೂವರಲ್ಲಿ ಒಬ್ಬರು ಅದನ್ನು ಕೇಳಿಸಿಕೊಂಡಿದ್ದರು. ಅಂದರೆ ನಾವು ಬೇರೆ ಕಡೆ ಲಕ್ಷ್ಯ ಇಟ್ಟಿದ್ದರೂ ನಮ್ಮ ಹೆಸರು ಬಾಗಿಲು ತಟ್ಟುತ್ತದೆ.

ಹೆಸರು ಮಕ್ಕಳ ಹಕ್ಕೂ ಹೌದು. 1989ರಲ್ಲಿ ವಿಶ್ವಸಂಸ್ಥೆ ಒಪ್ಪಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯ 7ನೇ ವಿಧಿಯಲ್ಲಿ, ಪ್ರತಿಯೊಂದು ಮಗುವಿಗೂ ಹುಟ್ಟಿದಾಗಿನಿಂದ ಹೆಸರು ಹೊಂದುವ ಹಕ್ಕಿದೆ ಎಂದು ಹೇಳಿದೆ. ಭಾರತ 1992ರಲ್ಲಿ ಅದನ್ನು ಒಪ್ಪಿಕೊಂಡಿತು. ಹಕ್ಕು ಕಾಗದದಲ್ಲಿ ಇದ್ದರೆ ಸಾಲದು. ಗೆಳೆಯರ ಬಾಯಲ್ಲಿ ಇರಬೇಕು.

ಹೆಸರು ಯಾಕ ಮರೀತೀವಿ?

ಇದಕ್ಕೆ ಎರಡು ಕಾರಣಗಳನ್ನು ತಿಳಿದುಕೊಂಡರೆ ಆಟ ಆಡಿಸುವುದು ಸುಲಭ.

ಮೊದಲನೆಯದು. ಸಾಮಾನ್ಯವಾಗಿ ಮೊದಲ ದಿನ ಸಾಲಾಗಿ ಎದ್ದು ನಿಂತು ಎಲ್ಲರೂ ಹೆಸರು ಹೇಳುತ್ತೇವೆ. ಆಗ ನನ್ನ ಸರದಿ ಹತ್ತಿರ ಬಂದಂತೆ "ನಾ ಏನು ಹೇಳ್ಲಿ, ಹ್ಯಾಂಗ ಹೇಳ್ಲಿ" ಎಂಬ ಚಿಂತೆಯೇ ತುಂಬಿರುತ್ತದೆ. ಪಕ್ಕದವನು ಹೇಳಿದ್ದು ಕಿವಿಗೇ ಬೀಳುವುದಿಲ್ಲ. 1973ರಲ್ಲಿ ಮಾಲ್ಕಮ್ ಬ್ರೆನ್ನರ್ ಎಂಬವರು ಜನರನ್ನು ಸುತ್ತ ಕೂರಿಸಿ, ಒಬ್ಬರ ನಂತರ ಒಬ್ಬರು ಒಂದೊಂದು ಶಬ್ದ ಓದುವಂತೆ ಮಾಡಿದರು. ತಮ್ಮ ಸರದಿಗೆ ಸ್ವಲ್ಪ ಮೊದಲು ಓದಿದ ಶಬ್ದಗಳೇ ಜನರಿಗೆ ಎಲ್ಲಕ್ಕಿಂತ ಕಡಿಮೆ ನೆನಪಿದ್ದವು. ಸಾಲು ಸರದಿಯಲ್ಲಿ ಹೆಸರು ಹೇಳಿಸಿದರೆ ಯಾಕ ಉಪಯೋಗವಿಲ್ಲ ಎಂಬುದು ಇದರಿಂದ ತಿಳಿಯುತ್ತದೆ.

ಎರಡನೆಯದು. ಬರೀ ಹೆಸರಿಗೆ ಹಿಡಿಕೆ ಇಲ್ಲ. ಹಿಡಿಕೆ ಇಲ್ಲದ ಕೊಡ ಹಿಡಿದಂತೆ, ಜಾರಿ ಬೀಳುತ್ತದೆ. 1987ರಲ್ಲಿ ಇಂಗ್ಲೆಂಡಿನ ಸಂಶೋಧಕರು ಅಪರಿಚಿತ ಮುಖಗಳ ಚಿತ್ರ ತೋರಿಸಿ, ಪ್ರತಿ ಮುಖದ ಹೆಸರನ್ನೂ ಕೆಲಸವನ್ನೂ ಕಲಿಯಲು ಹೇಳಿದರು. ಒಂದೇ ಶಬ್ದವನ್ನು ಒಮ್ಮೆ ಹೆಸರಾಗಿ, ಒಮ್ಮೆ ಕೆಲಸವಾಗಿ ಕೊಟ್ಟರು. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಒಬ್ಬರ ಅಡ್ಡಹೆಸರು 'ಬಡಿಗೇರ', ಇನ್ನೊಬ್ಬರು ನಿಜವಾಗಿ ಬಡಿಗೇರ ಕೆಲಸ ಮಾಡುವವರು ಎಂದ ಹಾಗೆ. ಶಬ್ದ ಒಂದೇ. ಆದರೂ ಕೆಲಸವಾಗಿ ಕಲಿತದ್ದು ಹೆಚ್ಚು ನೆನಪಿತ್ತು, ಹೆಸರಾಗಿ ಕಲಿತದ್ದು ಮರೆತುಹೋಗಿತ್ತು. ಯಾಕೆಂದರೆ ಬಡಿಗೇರ ಎಂದ ಕೂಡಲೇ ಉಳಿ, ಬಾಚಿ, ಕಟ್ಟಿಗೆಯ ವಾಸನೆ ಎಲ್ಲಾ ಕಣ್ಣ ಮುಂದೆ ಬರುತ್ತದೆ.

ಆದ್ದರಿಂದ ಆಟಕ್ಕೆ ಎರಡು ಸೂತ್ರ: ಸಾಲು ಸರದಿ ಬೇಡ, ಹೆಸರಿಗೊಂದು ಹಿಡಿಕೆ ಬೇಕು.

ನಮ್ಮ ಹಿರಿಯರಿಗೆ ಇದು ಗೊತ್ತಿತ್ತು

ನಮ್ಮ ಗೂಗಲ್ಲಿನಲ್ಲಿ ಕೃಷ್ಣಾ ನದಿಯ ದಂಡೆಗೆ ಅಲ್ಲಮಪ್ರಭುಗಳ ಗುಡಿ ಇದೆ. 12ನೇ ಶತಮಾನದಲ್ಲಿ ಕಲ್ಯಾಣದ ಅನುಭವ ಮಂಟಪಕ್ಕೆ ಅಲ್ಲಮರೇ ಅಧ್ಯಕ್ಷರಾಗಿದ್ದರೆಂದು ಓದಿದ್ದೇವೆ. ಆ ಶರಣರ ಹೆಸರು ನೋಡಿರಿ: ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ. ನಮ್ಮ ಜಿಲ್ಲೆಯ ಲಿಂಗಸುಗೂರು ತಾಲೂಕಿನ ಅಮರೇಶ್ವರದವರೆಂದು ಹೇಳುವ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಇದ್ದಾರೆ. ಮೊದಲು ಕೆಲಸ, ಆಮೇಲೆ ಹೆಸರು. ಆದ್ದರಿಂದ ಒಮ್ಮೆ ಕೇಳಿದರೆ ಮರೆಯುವುದಿಲ್ಲ. ಇನ್ನೊಂದು ವಿಷಯ: ದೋಣಿ ನಡೆಸುವವರಿಗೂ ಬಟ್ಟೆ ಒಗೆಯುವವರಿಗೂ ಚರ್ಮ ಹದ ಮಾಡುವವರಿಗೂ ಕೊನೆಗೆ ಒಂದೇ 'ಅಯ್ಯ'. ಯಾರ ಹೆಸರನ್ನೂ ಅರ್ಧಕ್ಕೆ ಕತ್ತರಿಸಿಲ್ಲ.

ಮದುವೆಯಲ್ಲಿ ಒಡಪು ಹೇಳುವುದನ್ನು ನೀವೆಲ್ಲ ನೋಡಿದ್ದೀರಿ. ಗಂಡನ ಹೆಸರು ಬಾಯಿಬಿಟ್ಟು ಹೇಳದ ಮದುಮಗಳು ಎಲ್ಲರ ಮುಂದೆ ಪ್ರಾಸ ಕೂಡಿಸಿ ಅವನ ಹೆಸರು ಹೇಳುತ್ತಾಳೆ. ಮದುಮಗನೂ ಹೇಳುತ್ತಾನೆ. "ಹೆಸರು ಹೇಳಿದ್ರ ಬಾಗಿಲು ಬಿಡ್ತೀವಿ" ಎಂದು ಅಕ್ಕ ತಂಗಿಯರು ಅಡ್ಡ ನಿಲ್ಲುತ್ತಾರೆ. ಇದೂ ಹೆಸರಿನ ಆಟವೇ. ಪ್ರಾಸವೇ ಇಲ್ಲಿ ಹಿಡಿಕೆ. ನಾನು ಆಡಿಸುವ ಆಟಕ್ಕೆ ಶರಣರ ಪದ್ಧತಿ ಮತ್ತು ಒಡಪು ಎರಡನ್ನೂ ಸೇರಿಸಿಕೊಂಡಿದ್ದೇನೆ.

ಬೇಕಾಗುವ ಸಾಮಾನುಗಳು

ಬಟ್ಟೆ ಚೆಂಡು ಮೂರು. ಹಳೆಯ ಬಟ್ಟೆಯ ಒಳಗೆ ಹತ್ತಿ ತುಂಬಿ, ಮೇಲೆ ದಾರ ಬಿಗಿದರೆ ಆಯಿತು. ರಬ್ಬರ್ ಚೆಂಡು ಬೇಡ, ಮುಖಕ್ಕೆ ಬಿದ್ದರೆ ನೋವಾಗುತ್ತದೆ. ಸಮಯ ನೋಡಲು ಒಂದು ಗಡಿಯಾರ. ಅಂಗಳದಲ್ಲಿ ನೆರಳು. ಇಷ್ಟೇ. ಖರ್ಚು ಏನೂ ಇಲ್ಲ.

ಆಡುವ ಕ್ರಮ

1. ಆರಾರು ಮಂದಿಯ ಗುಂಪು. 30 ಮಂದಿ ಇದ್ದರೆ 5 ಗುಂಪು ಮಾಡಬೇಕು. ಒಂದೇ ಊರಿನವರು, ಒಂದೇ ಓಣಿಯವರು ಒಂದೇ ಗುಂಪಿನಲ್ಲಿ ಬರದಂತೆ ನೋಡಬೇಕು. ಹುಡುಗರು ಹುಡುಗಿಯರು ಕೂಡಿಯೇ ಇರಬೇಕು.

2. ಹಿಡಿಕೆ ಕಟ್ಟುವುದು. ಪ್ರತಿಯೊಬ್ಬರೂ ತಮಗೆ ಬರುವ ಅಥವಾ ತಮಗೆ ಇಷ್ಟವಾದ ಒಂದು ಕೆಲಸವನ್ನೋ ವಸ್ತುವನ್ನೋ ಹೆಸರಿಗೆ ಜೋಡಿಸಬೇಕು. ಮೊದಲ ಅಕ್ಷರ ಕೂಡಿದರೆ ಇನ್ನೂ ಚೆಂದ. ಬುಗುರಿ ಬಸವರಾಜ, ಲಗೋರಿ ಲಕ್ಷ್ಮಿ, ಈಜುವ ಈರಣ್ಣ, ರೊಟ್ಟಿ ರೇಣುಕಾ, ಜೋಕಾಲಿ ಜರೀನಾ, ಮಜ್ಜಿಗೆ ಮೌನೇಶ. ಹೇಳುವಾಗ ಕೈಯಿಂದ ಆ ಕೆಲಸ ಮಾಡಿ ತೋರಿಸಬೇಕು. ರೇಣುಕಾ ರೊಟ್ಟಿ ಬಡಿದು ತೋರಿಸಿದರೆ ಉಳಿದ ಐದು ಮಂದಿಯೂ ರೊಟ್ಟಿ ಬಡಿಯುತ್ತ "ರೊಟ್ಟಿ ರೇಣುಕಾ" ಎನ್ನಬೇಕು. ನಗು ತಾನಾಗಿ ಬರುತ್ತದೆ.

3. ಸರಪಳಿ. ಗುಂಪಿನಲ್ಲಿ ಮೊದಲನೆಯವರು ತಮ್ಮ ಹೆಸರು ಹೇಳುತ್ತಾರೆ. ಎರಡನೆಯವರು ಮೊದಲನೆಯವರದ್ದು ಹೇಳಿ ತಮ್ಮದು ಹೇಳುತ್ತಾರೆ. ಹೀಗೆ ಆರನೆಯವರು ಐದು ಮಂದಿಯ ಹೆಸರು ಹೇಳುತ್ತಾರೆ. ಇದನ್ನು 30 ಮಂದಿ ಕೂಡಿ ಯಾಕ ಆಡಬಾರದು ಎಂದು ಕೇಳಬಹುದು. ಲೆಕ್ಕ ಮಾಡಿ ನೋಡಿರಿ. 1 ರಿಂದ 29ರ ವರೆಗೆ ಕೂಡಿಸಿದರೆ 435. ಅಂದರೆ ಬೇರೆಯವರ ಹೆಸರನ್ನು 435 ಸಲ ಹೇಳಬೇಕು. ಒಂದು ಹೆಸರಿಗೆ 3 ಸೆಕೆಂಡು ಹಿಡಿದರೂ 21 ನಿಮಿಷ 45 ಸೆಕೆಂಡು. ಕೊನೆಯ ಒಬ್ಬ ಹುಡುಗ ಎಲ್ಲರ ಮುಂದೆ ನಿಂತು 29 ಹೆಸರು ಹೇಳಬೇಕು. ಮೊದಲನೆಯವನಿಗೆ ಒಂದೂ ಇಲ್ಲ. ಇದು ನ್ಯಾಯವಲ್ಲ. ಆರು ಮಂದಿಯಾದರೆ 15 ಹೆಸರು, 45 ಸೆಕೆಂಡು. ಐದೂ ಗುಂಪು ಒಟ್ಟಿಗೇ ಆಡುತ್ತವೆ.

4. ದೊಡ್ಡ ಸುತ್ತು. ಈಗ ಅಲಾಯಿ ಕುಣಿಯ ಸುತ್ತ ನಿಂತ ಹಾಗೆ ಎಲ್ಲರೂ ದುಂಡಗೆ ನಿಲ್ಲಬೇಕು. ಪ್ರತಿ ಗುಂಪಿನವರು ತಮ್ಮ ಗುಂಪಿನ ಗೆಳೆಯರನ್ನು ಪರಿಚಯಿಸಬೇಕು. ಯಾರೂ ತಮ್ಮ ಹೆಸರು ತಾವೇ ಹೇಳುವಂತಿಲ್ಲ. ನಾಚಿಕೆ ಇದ್ದವರಿಗೆ ಇದರಿಂದ ಬಹಳ ಅನುಕೂಲ.

5. ಚೆಂಡು. ಆಡಿಸುವವರು ಸುತ್ತಿನಲ್ಲಿ ಯಾರಾದರೊಬ್ಬರ ಕಡೆ ನೋಡಿ "ಹಿಡಿ, ಮಜ್ಜಿಗೆ ಮೌನೇಶ!" ಎಂದು ಕರೆದು, ಅವರು ಕಣ್ಣು ಕೂಡಿಸಿದ ಮೇಲೆ ಚೆಂಡು ಎಸೆಯಬೇಕು. ಹಿಡಿದವರು ಎಸೆದವರ ಹೆಸರು ಹಿಡಿದು "ಬಂತು, ಬಸವರಾಜ" ಎನ್ನಬೇಕು. ಒಂದು ಎಸೆತಕ್ಕೆ ಎರಡು ಹೆಸರು. ಚೆಂಡು ಬಂದುಹೋದವರು ಕೈ ಕಟ್ಟಿ ನಿಲ್ಲಬೇಕು. ಆಗ ಯಾರಿಗೆ ಬಂದಿಲ್ಲ ಎಂದು ತಿಳಿಯುತ್ತದೆ. ಎಲ್ಲರಿಗೂ ಒಮ್ಮೆ ಬಂದ ಮೇಲೆ ಅದೇ ಕ್ರಮದಲ್ಲಿ ಎರಡನೇ ಸಲ ಎಸೆಯಬೇಕು. ಈ ಸಲ ಎಷ್ಟು ಸಮಯ ಹಿಡಿಯಿತೆಂದು ನೋಡಬೇಕು. ಮೂರನೇ ಸಲ ಎರಡನೇ ಚೆಂಡು, ಆಮೇಲೆ ಮೂರನೇ ಚೆಂಡು ಬಿಡಬೇಕು. ಆಗ ಅಂಗಳದ ತುಂಬ ಹೆಸರೇ ಹೆಸರು.

6. ಒಡಪು. ಕೊನೆಗೆ ಯಾರಿಗೆ ಮನಸ್ಸಿದೆಯೋ ಅವರು ಗೆಳೆಯರ ಹೆಸರಿಗೆ ಒಡಪು ಕಟ್ಟಬಹುದು. ನಾನು ಕಟ್ಟಿದ್ದು ಇದು: "ಹೊಲದಾಗ ಬೆಳದಾದ ಹತ್ತಿ, ರೇಣುಕಾ ನಮ್ಮ ಗೆಳತಿ."

ಆಡಿಸುವವರು ನೆನಪಿಡಬೇಕಾದ ಮಾತುಗಳು

ಮೊದಲನೆಯದಾಗಿ, ಈ ಆಟದಲ್ಲಿ 'ಔಟ್' ಇಲ್ಲ. ಹೆಸರು ಮರೆತರೆ "ನಿನ್ನ ಹೆಸರು ಇನ್ನೊಮ್ಮೆ ಹೇಳಪ್ಪಾ", "ಇನ್ನೊಮ್ಮೆ ಹೇಳವ್ವಾ" ಎಂದು ಕೇಳಬೇಕು. ಕೇಳುವುದೇ ಆಟದ ನಿಯಮ. ಮರೆತವರನ್ನು ಹೊರಗೆ ಕಳಿಸಿದರೆ, ಯಾರಿಗೆ ಕಲಿಯುವುದು ಬೇಕಾಗಿದೆಯೋ ಅವರೇ ಹೊರಗೆ ಹೋಗುತ್ತಾರೆ. ಕಲಿತವರು ಒಳಗೆ ಉಳಿಯುತ್ತಾರೆ. ಅದರಿಂದ ಏನು ಲಾಭ?

ಎರಡನೆಯದಾಗಿ, ಹಿಡಿಕೆಯನ್ನು ಅವರವರೇ ಆರಿಸಬೇಕು. ಅಪ್ಪನ ಕೆಲಸ, ಓಣಿ, ಜಾತಿ, ಮೈಬಣ್ಣ, ಎತ್ತರ, ಕಣ್ಣು ಕಾಲು ಇವು ಯಾವುವೂ ಹಿಡಿಕೆ ಆಗಬಾರದು. ಒಂದೇ ತರಗತಿಯಲ್ಲಿ ಮೂವರು ಹನುಮಂತರಿದ್ದರೆ ಕರಿ ಹನುಮಂತ, ಗಿಡ್ಡ ಹನುಮಂತ ಎಂದು ಕರೆಯುವ ರೂಢಿ ಬಿಡೋಣ. ಹಾಡುವ ಹನುಮಂತ, ಹಗ್ಗ ಜಿಗಿಯುವ ಹನುಮಂತ, ಹೂವಿನ ಗಿಡದ ಹನುಮಂತ ಎಂದರೆ ಮೂವರೂ ಸಂತೋಷದಿಂದ ಓಗೊಡುತ್ತಾರೆ.

ಮೂರನೆಯದಾಗಿ, ಹೆಸರನ್ನು ಪೂರ್ತಿ ಹೇಳಬೇಕು. ನಮ್ಮ ಕಡೆ ಒಬ್ಬರ ಮಗ ಯಲ್ಲಪ್ಪ, ಇನ್ನೊಬ್ಬರ ಮಗ ಯಲ್ಲ್ಯಾ. ಒಬ್ಬರ ಮಗ ದುರುಗಪ್ಪ, ಇನ್ನೊಬ್ಬರ ಮಗ ದುರುಗ್ಯಾ. ಹಾಜರಿ ಪುಸ್ತಕದಲ್ಲಿ ಇಬ್ಬರೂ 'ಅಪ್ಪ'ನೇ. ಗೆಳೆಯರು ಪ್ರೀತಿಯಿಂದ ಕರೆದರೆ ಬೇರೆ ಮಾತು. ಆದರೆ ಯಾರಿಗೆ 'ಅಪ್ಪ' ಹಚ್ಚುತ್ತೇವೆ, ಯಾರಿಗೆ ಬಿಡುತ್ತೇವೆ ಎಂದು ಪ್ರತಿಯೊಬ್ಬರೂ ಒಮ್ಮೆ ವಿಚಾರ ಮಾಡಬೇಕು.

ನಾಲ್ಕನೆಯದಾಗಿ, ಯಾರ ಹೆಸರಿಗೂ ನಗಬಾರದು. ನಮ್ಮೂರ ಹೆಸರು ಹೇಳಿದರೆ ಹೊರಗಿನವರು "ಮೊಬೈಲಿನ್ಯಾಗ ಇರೋ ಗೂಗಲ್ಲೇನು?" ಎಂದು ನಗುವುದು ನಮಗೆಲ್ಲ ಗೊತ್ತಿದೆ. ಒಮ್ಮೆ ಕೇಳಿದರೆ ನಮಗೂ ನಗು, ಹತ್ತು ಸಲ ಕೇಳಿದರೆ ಬೇಸರ. ತಿಪ್ಪಣ್ಣ, ತಿಪ್ಪಮ್ಮ ಎಂಬ ಹೆಸರಿಗೆ ಕೆಲವರು ನಗುತ್ತಾರೆ. ಹಿಂದೆ ಹುಟ್ಟಿದ ಕೂಸುಗಳು ಉಳಿಯದಿದ್ದಾಗ, ಈ ಕೂಸಿಗೆ ದೃಷ್ಟಿ ತಾಗಬಾರದೆಂದು ತಿಪ್ಪೆಯ ಹೆಸರು ಇಡುವ ಪದ್ಧತಿ ಇತ್ತು. ಆ ಹೆಸರಿಗೆ ನಕ್ಕರೆ ಒಬ್ಬ ತಾಯಿಯ ಅಂಜಿಕೆಗೆ ನಕ್ಕಂತೆ.

ಐದನೆಯದಾಗಿ, ಮಾತು ತೊದಲುವವರು, ಕಿವಿ ಕೇಳದವರು ಇದ್ದರೆ ಕೈಸನ್ನೆ ಸಾಕು. ಸಂಜ್ಞಾ ಭಾಷೆ ಆಡುವವರು ಒಬ್ಬರಿಗೊಬ್ಬರು ಕೈಸನ್ನೆಯ ಹೆಸರೇ ಇಟ್ಟುಕೊಳ್ಳುತ್ತಾರೆ. ಒಬ್ಬರು ಕುಳಿತು ಆಡಬೇಕಾದರೆ ಎಲ್ಲರೂ ಕುಳಿತೇ ಆಡೋಣ, ಚೆಂಡು ಉರುಳಿಸೋಣ.

ನಿಮಗೆ ಗೊತ್ತೇ?

1ರ ಮುಂದೆ 100 ಸೊನ್ನೆ ಬರೆದರೆ ಬರುವ ಸಂಖ್ಯೆಗೆ ಇಂಗ್ಲಿಷಿನಲ್ಲಿ 'ಗೂಗೋಲ್' ಎಂದು ಹೆಸರು. ಎಡ್ವರ್ಡ್ ಕಾಸ್ನರ್ ಎಂಬ ಅಮೆರಿಕದ ಗಣಿತಜ್ಞರು ಕೇಳಿದಾಗ, ಅವರ ಸಂಬಂಧಿಯಾದ 9 ವರ್ಷದ ಹುಡುಗ ಮಿಲ್ಟನ್ ಸಿರೋಟಾ ಆ ಹೆಸರು ಇಟ್ಟ. 1998ರಲ್ಲಿ ಶುರುವಾದ ಗೂಗಲ್ ಕಂಪನಿಯ ಹೆಸರು ಆ ಸಂಖ್ಯೆಯ ಹೆಸರಿನಿಂದ ಬಂದದ್ದು. ನಮ್ಮೂರ ಹೆಸರು ಅದಕ್ಕಿಂತ ಬಹಳ ಹಳೆಯದು!

ಗುಳೆ ಹೋಗಿ ಬಂದವರು

ಈ ಆಟ ಜೂನ್ ತಿಂಗಳಲ್ಲಿ ಒಮ್ಮೆ ಆಡಿದರೆ ಮುಗಿಯುವುದಿಲ್ಲ. ನಮ್ಮ ದೇವದುರ್ಗ ಸೀಮೆಯಿಂದ ಬೆಂಗಳೂರಿಗೆ ಗುಳೆ ಹೋಗುವ ಮನೆಗಳು ಎಷ್ಟೋ ಇವೆ. ತಂದೆ ತಾಯಿಯ ಜೊತೆ ಹೋದ ಮಕ್ಕಳು ಕೆಲವರು ಶಾಲೆ ಶುರುವಾದ ಎಷ್ಟೋ ದಿನದ ಮೇಲೆ ಬರುತ್ತಾರೆ. ವರ್ಷದ ನಡುವೆ ಬಂದರೂ ಶಾಲೆಗೆ ಸೇರಿಸಿಕೊಳ್ಳಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆ ಹೇಳುತ್ತದೆ. ಗುರುಗಳು ಹಾಜರಿ ಪುಸ್ತಕಕ್ಕೆ ಸೇರಿಸಿಕೊಳ್ಳುತ್ತಾರೆ. ಗೆಳೆತನಕ್ಕೆ ಸೇರಿಸಿಕೊಳ್ಳಬೇಕಾದವರು ನಾವು.

ಹೀಗೆ ಆಗಸ್ಟ್ ತಿಂಗಳಲ್ಲಿ ಒಬ್ಬ ಹುಡುಗಿ ಬಂದಳು. ಎಲ್ಲರೂ ಅವಳಿಗೆ "ಏ ಬೆಂಗಳೂರು" ಎನ್ನುತ್ತಿದ್ದರು. ನಾಲ್ಕು ದಿನ ಸುಮ್ಮನಿದ್ದು ಐದನೇ ದಿನ ಅವಳು ಹೇಳಿದಳು: "ಅಲ್ಲಿ ನನಗ ರಾಯಚೂರು ಅಂತಿದ್ರು. ಇಲ್ಲಿ ಬೆಂಗಳೂರು ಅಂತೀರಿ. ನನ್ನ ಹೆಸರು ಯಾವೂರಾಗ ಅದ?" ಯಾರೂ ಮಾತಾಡಲಿಲ್ಲ.

ಮರುದಿನ ಊಟದ ಬಿಡುವಿನಲ್ಲಿ ನಾವು ಆಟ ಇಟ್ಟೆವು. ಹೊಸದಾಗಿ ಬಂದವರನ್ನು ಒಬ್ಬರನ್ನೇ ನಡುವೆ ನಿಲ್ಲಿಸಬಾರದು. ಅವಳನ್ನು ಒಂದು ಗುಂಪಿಗೆ ಸೇರಿಸಿ, ಹಳಬರೇ ಮೊದಲು ತಮ್ಮ ತಮ್ಮ ಹೆಸರು ಹೇಳಿ ತೋರಿಸಿದರು. ಅವಳ ಸರದಿ ಬಂದಾಗ "ನನಗ ತಮಿಳು ಬರ್ತದ" ಎಂದಳು. ಕಟ್ಟಡದ ಕೆಲಸದ ಕಡೆ ಕಲಿತಿದ್ದಳಂತೆ. ಹೆಸರು ಕೇಳುವುದನ್ನು ಕಲಿಸೆಂದೆವು. "ಉನ್ ಪೇರು ಎನ್ನ?" ಎಂದು ಕಲಿಸಿದಳು. ತೆಲುಗು ಬಲ್ಲವರು "ನೀ ಪೇರೇಮಿಟಿ?" ಎಂದರು. ಉರ್ದು ಮಾತಾಡುವವರು "ತುಮ್ಹಾರಾ ನಾಮ್ ಕ್ಯಾ ಹೈ?" ಎಂದರು. ಆ ದಿನ ನಾಲ್ಕು ಭಾಷೆಯಲ್ಲಿ ಚೆಂಡು ಓಡಾಡಿತು.

ಆಮೇಲೆ ಕನ್ನಡ ಗುರುಗಳು ಒಂದು ಚೆಂದದ ವಿಷಯ ತಿಳಿಸಿದರು. ಹಳಗನ್ನಡದಲ್ಲಿ ಹೆಸರಿಗೆ 'ಪೆಸರ್' ಎನ್ನುತ್ತಿದ್ದರು. 'ಪ'ಕಾರ 'ಹ'ಕಾರವಾಗಿ ಹೆಸರು ಆಯಿತು. ಪಾಲು ಹಾಲಾದಂತೆ, ಪೂ ಹೂವಾದಂತೆ. ತಮಿಳಿನ 'ಪೆಯರ್', ತೆಲುಗಿನ 'ಪೇರು', ನಮ್ಮ 'ಪೆಸರ್' ಮೂರೂ ಒಂದೇ ಬೇರಿನವು. ಅವಳು ತಂದ ಒಂದು ಮಾತಿನಿಂದ ನಮಗೆ ವ್ಯಾಕರಣದ ಪಾಠವೂ ಆಯಿತು.

ಅವಳ ಹೆಸರನ್ನು ಇಲ್ಲಿ ನಾನು ಬರೆದಿಲ್ಲ. ಗೋಡೆಯ ಮೇಲೆ ಓದುವುದಕ್ಕಿಂತ ಅವಳನ್ನೇ ಕೇಳುವುದು ಒಳ್ಳೆಯದು. ಈಗ ನಮ್ಮ ತರಗತಿಯಲ್ಲಿ ಎಲ್ಲರಿಗೂ ಗೊತ್ತಿದೆ.

ಗುರುಗಳಲ್ಲಿ ವಿನಂತಿ

ಆಟ ಆಡಿದ ಮರುದಿನ ಮತ್ತೆ ಐದು ನಿಮಿಷ, ವಾರದ ಮೇಲೆ ಮತ್ತೆ ಐದು ನಿಮಿಷ ಕೊಡಬೇಕು. 2006ರಲ್ಲಿ ಅಮೆರಿಕದಲ್ಲಿ ನಡೆದ ಒಂದು ಅಧ್ಯಯನದಲ್ಲಿ, ಪಾಠವನ್ನು ಮತ್ತೆ ಮತ್ತೆ ಓದಿದವರಿಗಿಂತ, ಓದಿದ್ದನ್ನು ನೆನಪು ಮಾಡಿಕೊಂಡು ಬರೆದವರಿಗೆ ಒಂದು ವಾರದ ಮೇಲೂ ಹೆಚ್ಚು ನೆನಪಿತ್ತು. ಹೆಸರಿಗೂ ಇದೇ ಉಪಾಯ. ಹತ್ತು ಸಲ ಕೇಳುವುದಕ್ಕಿಂತ ನೆನಪು ಮಾಡಿಕೊಂಡು ಕರೆಯುವುದು ಲೇಸು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನಲ್ಲಿ ನಲಿ-ಕಲಿ ಶುರುವಾಗಿ ಮುಂದೆ ಇಡೀ ರಾಜ್ಯಕ್ಕೆ ಬಂತು. ಸಣ್ಣ ತರಗತಿಯವರು ಆಡುತ್ತ ಕಲಿಯುವಾಗ ದೊಡ್ಡ ತರಗತಿಯವರು ಯಾಕ ಕಲಿಯಬಾರದು? ಹಾಜರಿ ಕರೆಯುವಾಗ ನಂಬರಿನ ಬದಲು ಪೂರ್ತಿ ಹೆಸರು ಕರೆದರೆ ನಮಗೂ ದಿನಾ ಒಂದು ಸಲ ಅಭ್ಯಾಸವಾಗುತ್ತದೆ.

ಅಭ್ಯಾಸ

1. ನಿಮ್ಮ ತರಗತಿಯಲ್ಲಿ ನೀವು ಇದುವರೆಗೂ ಹೆಸರು ಹಿಡಿದು ಕರೆಯದವರು ಯಾರು? ನಾಳೆ ಅವರನ್ನು ಕರೆಯಿರಿ.

2. ನಿಮಗೆ ಈ ಹೆಸರು ಯಾಕ ಇಟ್ಟರೆಂದು ಮನೆಯಲ್ಲಿ ಅಜ್ಜಿಯನ್ನು ಕೇಳಿರಿ. ಮೌನೇಶ ಎಂದರೆ ತಿಂಥಣಿಯ ಮೌನೇಶ್ವರ, ಅಮರೇಶ ಎಂದರೆ ಗುರುಗುಂಟಾದ ಅಮರೇಶ್ವರ, ಖಾಜಾ ಎಂದರೆ ಕಲಬುರಗಿಯ ಬಂದೇನವಾಜರು, ಹುಲಿಗೆಮ್ಮ ಎಂದರೆ ಹುಲಿಗಿಯ ತಾಯಿ. ಹಿಂದೂಗಳ ಮನೆಯಲ್ಲಿ ಹುಸೇನಪ್ಪ ಎಂಬ ಹೆಸರು ಹ್ಯಾಂಗ ಬಂತು? ಮೊಹರಂ ಹಬ್ಬದ ಬಗ್ಗೆ ಕೇಳಿ ತಿಳಿಯಿರಿ.

3. ತರಗತಿಯಲ್ಲಿ 42 ಮಂದಿ ಇದ್ದರೆ ಸರಪಳಿ ಆಟದಲ್ಲಿ ಬೇರೆಯವರ ಹೆಸರನ್ನು ಎಷ್ಟು ಸಲ ಹೇಳಬೇಕು? ಆರಾರು ಮಂದಿಯ ಗುಂಪು ಮಾಡಿದರೆ ಎಷ್ಟು?

4. ಮಧ್ಯಾಹ್ನದ ಊಟ ಬಡಿಸುವ ಅಡುಗೆಯ ಅಮ್ಮಂದಿರ ಹೆಸರು ನಿಮಗೆ ಗೊತ್ತೇ? ಗೊತ್ತಿಲ್ಲದಿದ್ದರೆ ಕೇಳಿ, ಒಂದು ಒಡಪು ಕಟ್ಟಿರಿ.

ಉತ್ತರಗಳನ್ನು ಕಾಗದದಲ್ಲಿ ಬರೆದು ಸಂಪಾದಕ ಮಂಡಳಿಗೆ ಕೊಡಿರಿ. ಕಾಗದದ ಕೆಳಗೆ ನಿಮ್ಮ ಹೆಸರನ್ನು ಪೂರ್ತಿ ಬರೆಯುವುದನ್ನು ಮರೆಯಬೇಡಿರಿ.